ಈ ಚರಂಡಿ ಯಾರದ್ದು? ಮುಂಬೈಯಲ್ಲಿ ಸಾರಿಗೆ ಯೋಜನೆಯ ಹೊಣೆ ಹಂಚಿದ ಅನುಭವ

ಮುಂಬೈಯಲ್ಲಿ ಸಾರಿಗೆ ಯೋಜಕಿಯಾಗಿ ದುಡಿಯುವ ನನಗೆ ನಕ್ಷೆ ಬಿಡಿಸುವುದು ಎಂದೂ ದೊಡ್ಡ ಕೆಲಸ ಎನಿಸಿಲ್ಲ. ಜನ ಎಷ್ಟು, ರಸ್ತೆ ಎಷ್ಟಗಲ, ಬಸ್ಸು ಎಲ್ಲಿ ತಿರುಗಬೇಕು ಎಂಬುದನ್ನೆಲ್ಲ ಅಳೆದು ಎಣಿಸಿ ಹೇಳಬಹುದು. ಬೆವರು ಇಳಿಯುವುದು ಆಮೇಲೆ. ನಕ್ಷೆಯ ಒಂದೊಂದು ಗೆರೆಯೂ ಯಾರ ಜಮೀನಿನಲ್ಲಿದೆ, ಅದಕ್ಕೆ ಹಣ ಯಾರದ್ದು, ಕಟ್ಟುವವರು ಯಾರು, ಕಟ್ಟಿದ ಮೇಲೆ ಗುಡಿಸಿ ಬಲ್ಬು ಬದಲಿಸುವವರು ಯಾರು ಎಂದು ಕೇಳಿದಾಗ ಸಭೆಯಲ್ಲಿ ಎಲ್ಲರೂ ಚಹಾದ ಲೋಟ ನೋಡತೊಡಗುತ್ತಾರೆ.

ಕೆಲವು ವರ್ಷಗಳ ಹಿಂದೆ ಮಧ್ಯ ರೈಲ್ವೆಯ ಒಂದು ಉಪನಗರ ನಿಲ್ದಾಣದ ಹೊರಗಿನ ಪ್ರದೇಶವನ್ನು ಸುಧಾರಿಸುವ ಯೋಜನೆ ನಮ್ಮ ಸಲಹಾ ಸಂಸ್ಥೆಗೆ ಬಂತು. ನಿಲ್ದಾಣದ ಹೆಸರು ಇಲ್ಲಿ ಬೇಡ. ಮುಂದೆ ಮೆಟ್ರೋ ಬರಲಿರುವ ಜಾಗ. ರಿಕ್ಷಾ, ಬಸ್ಸು, ತರಕಾರಿಯವರು, ಶಾಲೆಯ ಮಕ್ಕಳು ಎಲ್ಲರೂ ಒಂದೇ ಇಕ್ಕಟ್ಟಿನಲ್ಲಿ ನುಗ್ಗುವ ಜಾಗ. ನಾನು ಮೊದಲು ಕೂತು ಮಾಡಿದ್ದು ನಕ್ಷೆಯನ್ನಲ್ಲ, ಒಂದು ಕೋಷ್ಟಕವನ್ನು. ಒಡೆತನ, ಹಣ, ನಿರ್ಮಾಣ, ನಿರ್ವಹಣೆ ಎಂದು ನಾಲ್ಕು ಕಲಮುಗಳು; ಪಕ್ಕದಲ್ಲಿ, ಯಾರ ಸಹಿ ಇಲ್ಲದೆ ಕೆಲಸ ಮುಂದೆ ಸಾಗುವುದಿಲ್ಲ ಎಂಬುದಕ್ಕೆ ಇನ್ನೊಂದು.

ಹೊರಗಿನವರಿಗೆ ಇದು ಗುಮಾಸ್ತಗಿರಿ ಎನಿಸಬಹುದು. ಆದರೆ ಈ ಊರಿನಲ್ಲಿ ಸಾರಿಗೆ ಎಂಬುದು ಒಬ್ಬರ ಮನೆಯ ಆಸ್ತಿಯಲ್ಲ. ಲೋಕಲ್ ರೈಲುಗಳನ್ನು ಓಡಿಸುವುದು ಮಧ್ಯ ಮತ್ತು ಪಶ್ಚಿಮ ರೈಲ್ವೆ. ಹೊಸ ಹಳಿ ಹಾಕುವ, ನಿಲ್ದಾಣ ಸುಧಾರಿಸುವ ದೊಡ್ಡ ಯೋಜನೆಗಳಿಗೆ 1999ರಲ್ಲಿ ಹುಟ್ಟಿದ ಮುಂಬೈ ರೈಲ್ವೆ ವಿಕಾಸ್ ಕಾರ್ಪೊರೇಷನ್ ಇದೆ. ಅದರಲ್ಲಿ ರೈಲ್ವೆ ಸಚಿವಾಲಯದ ಪಾಲು ಶೇ. 51, ಮಹಾರಾಷ್ಟ್ರ ಸರ್ಕಾರದ್ದು ಶೇ. 49. ಬೆಸ್ಟ್ ಬಸ್ಸು ಮುಂಬೈ ಮಹಾನಗರ ಪಾಲಿಕೆಯ ಉದ್ಯಮ. ಠಾಣೆ, ನವಿ ಮುಂಬೈಗಳ ಪಾಲಿಕೆಗಳಿಗೆ ಅವರವರದೇ ಬಸ್ಸುಗಳು. ಮೆಟ್ರೋ ಎಂದರೂ ಒಂದೇ ಮನೆಯಲ್ಲ. 2014ರಲ್ಲಿ ಶುರುವಾದ ವರ್ಸೋವಾ–ಘಾಟ್‌ಕೋಪರ್ ಮಾರ್ಗ ಖಾಸಗಿ ಸಹಭಾಗಿತ್ವದ್ದು, ಅಂಧೇರಿ–ದಹಿಸರ ಕಡೆಯದ್ದು ಮುಂಬೈ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಎಂಎಂಆರ್‌ಡಿಎ ಕಟ್ಟಿದ್ದು, ಕೊಲಾಬಾ ಕಡೆಯಿಂದ ಆರೆಗೆ ಬರುವ ನೆಲದಡಿಯ ಮಾರ್ಗ ಕೇಂದ್ರ ಮತ್ತು ರಾಜ್ಯ ಸಮಪಾಲಿನ ಕಂಪನಿಯದ್ದು, ನವಿ ಮುಂಬೈಯದ್ದು ಆ ಊರನ್ನು ಕಟ್ಟಿದ ಸರ್ಕಾರಿ ನಿಗಮ ಸಿಡ್ಕೊದ್ದು. ಸಮುದ್ರದ ಮೇಲೂ ಇದೇ ಕಥೆ. ಬಾಂದ್ರಾ–ವರ್ಲಿ ಸೇತುವೆ ರಾಜ್ಯದ ರಸ್ತೆ ಅಭಿವೃದ್ಧಿ ನಿಗಮವಾದ ಎಂಎಸ್‌ಆರ್‌ಡಿಸಿಯದ್ದು, ಅದಕ್ಕೆ ಬಂದು ಸೇರುವ ಕರಾವಳಿ ರಸ್ತೆ ಪಾಲಿಕೆಯದ್ದು, 21.8 ಕಿ.ಮೀ. ಉದ್ದದ ಅಟಲ್ ಸೇತು ಎಂಎಂಆರ್‌ಡಿಎಯದ್ದು. 2025ರ ಅಕ್ಟೋಬರಿನಲ್ಲಿ ಬಂದ, ಒಂದೇ ಕಡೆ ಟಿಕೆಟ್ ಕೊಡುವ ಮುಂಬೈ ಒನ್ ಆ್ಯಪ್‌ನಲ್ಲಿ ಒಟ್ಟಿಗೆ ಸೇರಿಸಬೇಕಾದ ಸಾರ್ವಜನಿಕ ಸಾರಿಗೆ ನಿರ್ವಾಹಕರ ಸಂಖ್ಯೆಯೇ 11.

ಇಷ್ಟು ಗೊತ್ತಿದ್ದರೂ ಸಾಲದು. ನಾನು ಕೋಷ್ಟಕದಲ್ಲಿ 'ಪಾಲಿಕೆ' ಎಂದು ಎಂದೂ ಬರೆಯುವುದಿಲ್ಲ. ಪಾಲಿಕೆಯ ಒಳಗೇ ರಸ್ತೆ ವಿಭಾಗ ಬೇರೆ, ಸೇತುವೆ ವಿಭಾಗ ಬೇರೆ, ಮಳೆನೀರು ಚರಂಡಿ ವಿಭಾಗ ಬೇರೆ, ವಾರ್ಡ್ ಕಚೇರಿಯ ನಿರ್ವಹಣಾ ಎಂಜಿನಿಯರ್ ಬೇರೆ. ರೈಲ್ವೆಯಲ್ಲೂ ಗೋಡೆ ಎಂಜಿನಿಯರಿಂಗ್ ವಿಭಾಗದ್ದಾದರೆ ಅದರೊಳಗಿನ ಪಾರ್ಕಿಂಗ್ ಗುತ್ತಿಗೆ ವಾಣಿಜ್ಯ ವಿಭಾಗದ್ದು. ಆದ್ದರಿಂದ ಪ್ರತಿ ಚೌಕದಲ್ಲೂ ಹುದ್ದೆಯ ಹೆಸರು ಬರೆಯುತ್ತೇನೆ. ವ್ಯಕ್ತಿಯ ಹೆಸರು ಬರೆದರೆ ಮುಂದಿನ ವರ್ಗಾವಣೆಯೊಂದಿಗೆ ಆ ಚೌಕ ಖಾಲಿ ಎಂದೇ ಲೆಕ್ಕ.

ಕೋಷ್ಟಕ ಹಿಡಿದು ಜಾಗದಲ್ಲಿ ನಡೆಯುವುದು ಮುಂದಿನ ಕೆಲಸ. ಅಲ್ಲಿ ನನಗೆ ಹೆಚ್ಚು ಕಲಿಸಿದ್ದು ನಿಲ್ದಾಣದ ಎದುರಿನ ಉಡುಪಿ ಹೋಟೆಲಿನ ಶೆಟ್ಟರು. ಕುಂದಾಪುರ ಕಡೆಯವರು, ಹುಡುಗನಾಗಿದ್ದಾಗ ಬಂದು ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಅದೇ ಹೋಟೆಲಿನ ಗಲ್ಲಾದಲ್ಲಿ ಕೂತವರು. ಪ್ರತಿ ಜೂನಿನಲ್ಲಿ ಅವರ ಮೆಟ್ಟಿಲ ತನಕ ನೀರು ಬರುತ್ತಿತ್ತು. ಪಾಲಿಕೆಯವರು ರಸ್ತೆಯ ಪೈಪನ್ನು ದೊಡ್ಡದು ಮಾಡಿಯೂ ಆಗಿತ್ತು, ನೀರು ಮಾತ್ರ ಹಾಗೆಯೇ ನಿಲ್ಲುತ್ತಿತ್ತು.

"ಅದು ನಿಮ್ಮ ನಕ್ಷೆಯಲ್ಲಿ ಸಿಕ್ಕುವುದಿಲ್ಲ ಅಮ್ಮ," ಎಂದು ಶೆಟ್ಟರು ಗಲ್ಲಾ ಬಿಟ್ಟು ಎದ್ದು ಬಂದರು. "ಈ ಗೋಡೆ ಮೊದಲು ಆ ಅಶ್ವತ್ಥದ ಮರದ ಆಚೆ ಇತ್ತು. ಗೋಡೆ ಈಚೆ ಬಂತು, ಅದರ ಕೆಳಗಿನ ಮೋರಿ ಅಲ್ಲೇ ಉಳಿಯಿತು."

"ಮೋರಿ ನೀವು ನೋಡಿದ್ದೀರಾ ಶೆಟ್ಟರೇ?"

"ನೋಡದೆ? ಒಳಗೆ ಇಳಿದು ಚೆಂಡು ತೆಗೆದವನು ನಾನು."

ಅವರ ಮಾತು ನಿಜವಾಗಿತ್ತು. ಜಂಟಿ ಪರಿಶೀಲನೆಯ ದಿನ ಮುಚ್ಚಳ ಎತ್ತಿಸಿದೆವು. ರಸ್ತೆ ಬದಿಯಿಂದ ಹೊಸ ಕಾಂಕ್ರೀಟ್ ಪೈಪು ಗೋಡೆಯ ಕೆಳಗಿನ ಗುಂಡಿಗೆ ಬಂದು ಬೀಳುತ್ತಿತ್ತು. ಗುಂಡಿಯ ಆಚೆ ಬದಿಯಲ್ಲಿ ಇಟ್ಟಿಗೆಯ ಹಳೆಯ ಕಾಲುವೆ, ಅರ್ಧ ಹೂಳು, ಅದರೊಳಗೆ ಒಂದು ಚಪ್ಪಲಿ ಮತ್ತು ಲೆಕ್ಕವಿಲ್ಲದಷ್ಟು ಗುಟ್ಕಾ ಚೀಟಿ. ಅಗಲವಾದ ಪೈಪು ತಂದ ನೀರನ್ನು ಕಿರಿದಾದ ಕಾಲುವೆ ನುಂಗಲಾರದೆ ವಾಪಸು ಕಳಿಸುತ್ತಿತ್ತು. ಪೈಪು ಪಾಲಿಕೆಯದ್ದು, ಕಾಲುವೆ ರೈಲ್ವೆ ಜಮೀನಿನಲ್ಲಿ. ನಮ್ಮ ನಕ್ಷೆಯಲ್ಲಿದ್ದಂತೆ ಕಾಲುದಾರಿಯನ್ನು ಎತ್ತರಿಸಿದ್ದರೆ ಶೆಟ್ಟರ ಮೆಟ್ಟಿಲ ನೀರು ಟಿಕೆಟ್ ಕಿಟಕಿಯ ಮುಂದೆ ನಿಲ್ಲುತ್ತಿತ್ತು. ಅಂದರೆ ಇಡೀ ಯೋಜನೆ ಆ ಗುಂಡಿಯಿಂದಲೇ ಶುರುವಾಗಬೇಕಿತ್ತು.

ಇಲ್ಲಿ ಹೆಚ್ಚಿನವರು ಹೊಸ ಒಪ್ಪಂದ ಬರೆಯಲು ಹೊರಡುತ್ತಾರೆ. ನಾನು ಹಳೆಯ ರೂಢಿ ಹುಡುಕುತ್ತೇನೆ. ಮಳೆಗಾಲಕ್ಕೆ ಮುನ್ನ ಹಳಿಗಳ ಕೆಳಗಿನ ಮೋರಿಗಳ ಹೂಳನ್ನು ರೈಲ್ವೆಯೇ ತೆಗೆಯುತ್ತದೆ, ಖರ್ಚನ್ನು ಪಾಲಿಕೆ ಕೊಡುತ್ತದೆ. ವರ್ಷ ವರ್ಷ ನಡೆದು ಬಂದಿರುವ ವ್ಯವಸ್ಥೆ ಅದು. ರೈಲ್ವೆ ಜಮೀನಿನೊಳಗೆ ಬೇರೆಯವರ ಗುತ್ತಿಗೆದಾರನನ್ನು ಬಿಡುವುದಕ್ಕಿಂತ ಹಣ ಠೇವಣಿ ಇಡಿಸಿಕೊಂಡು ತಾವೇ ಕೆಲಸ ಮಾಡುವುದು ರೈಲ್ವೆಗೂ ಒಪ್ಪಿಗೆ. ಹಳಿಯ ಸುರಕ್ಷತೆಯ ಹೊಣೆ ಅವರದ್ದಲ್ಲವೇ? ಹಾಗಾಗಿ ನಮ್ಮ ಕಾಲುವೆಯ ಅಗಲೀಕರಣವನ್ನೂ ಅದೇ ಬಗೆಯ ಠೇವಣಿ ಕಾಮಗಾರಿ ಎಂದು ಬರೆದೆ. ಹಣ ಪಾಲಿಕೆಯ ಚರಂಡಿ ವಿಭಾಗದ್ದು, ಕೆಲಸ ರೈಲ್ವೆಯದ್ದು, ಗೋಡೆಯಿಂದ ಹಳಿ ಕಡೆಯ ಹೂಳು ರೈಲ್ವೆಯದ್ದು, ರಸ್ತೆ ಕಡೆಯದ್ದು ವಾರ್ಡಿನದ್ದು.

ರೈಲ್ವೆಯ ಕಡೆಯಿಂದ ಬಂದಿದ್ದ ಎಂಜಿನಿಯರ್ ಹುಬ್ಬಳ್ಳಿಯವರು. ಸಭೆಯಲ್ಲಿ ಹಿಂದಿಯಲ್ಲಿ ಮಾತಾಡಿದವರು ಹೊರಗೆ ಬಂದ ಮೇಲೆ ಕನ್ನಡಕ್ಕೆ ತಿರುಗಿದರು. "ನನಗೆ ಒಪ್ಪಿಗೆ ಇದೆ ಮೇಡಂ. ಆದರೆ ನನ್ನ ಒಪ್ಪಿಗೆ ಕಡತಕ್ಕೆ ಬರುವುದಿಲ್ಲ, ನಿಮ್ಮ ನಡಾವಳಿ ಬರುತ್ತದೆ. ಇವತ್ತು ಸಂಜೆಯೇ ಕಳಿಸಿಬಿಡಿ." ನಾನು ಅದನ್ನೇ ಮಾಡುತ್ತೇನೆ. ಸಭೆ ಮುಗಿದ ಸಂಜೆಯೇ ನಡಾವಳಿ ಹೋಗಬೇಕು, ಅದರಲ್ಲಿ 'ಚರ್ಚಿಸಲಾಯಿತು' ಎಂಬ ಪದ ಇರಬಾರದು. ಯಾರು ಏನನ್ನು ಎಂದಿನೊಳಗೆ ಮಾಡುತ್ತಾರೆ ಎಂದು ಮಾತ್ರ ಇರಬೇಕು. ಆಕ್ಷೇಪವಿದ್ದರೆ ತಿಳಿಸಲು ಏಳು ದಿನ ಎಂದು ಕೊನೆಯಲ್ಲಿ ಒಂದು ಸಾಲು. ಆಕ್ಷೇಪ ಬರೆಯುವುದೂ ಕೆಲಸವೇ ಆದ್ದರಿಂದ ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ.

ಗಡಿಯ ಎರಡು ಬದಿಯವರು ಬೇರೆ ಬೇರೆ ಕಾಗದ ನೋಡಿಕೊಂಡು ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಅಂಧೇರಿಯ ಗೋಖಲೆ ಸೇತುವೆ ಎಲ್ಲರ ಕಣ್ಣೆದುರಿಗೇ ಇತ್ತು. 2018ರ ಜುಲೈಯಲ್ಲಿ ಅದರ ಪಾದಚಾರಿ ಭಾಗ ಹಳಿಗಳ ಮೇಲೆ ಕುಸಿದಾಗ, ನಿರ್ವಹಣೆ ಯಾರದ್ದು ಎಂಬ ವಾದ ಪಾಲಿಕೆಗೂ ರೈಲ್ವೆಗೂ ನಡುವೆ ಎದ್ದಿತು. ಮತ್ತೆ ಕಟ್ಟಿ 2024ರ ಫೆಬ್ರವರಿಯಲ್ಲಿ ಒಂದು ಬದಿ ತೆರೆದಾಗ, ಪಕ್ಕದ ಬರ್ಫಿವಾಲಾ ಮೇಲ್ಸೇತುವೆಗೂ ಅದಕ್ಕೂ ಮಟ್ಟವೇ ಹೊಂದಲಿಲ್ಲ. ಹಳಿಗಳ ಮೇಲೆ ಬಿಡಬೇಕಾದ ಎತ್ತರದ ನಿಯಮ ಈ ನಡುವೆ ಬದಲಾಗಿತ್ತು. ಮೇಲ್ಸೇತುವೆಯನ್ನೇ ಎತ್ತಿ ಕೂಡಿಸಬೇಕಾಯಿತು. ನಮ್ಮ ಸಭೆಗಳಲ್ಲಿ ಯಾರಾದರೂ 'ಆಮೇಲೆ ನೋಡೋಣ' ಎಂದರೆ ನಾನು ಆ ಸೇತುವೆಯ ಹೆಸರೊಂದನ್ನು ಹೇಳಿ ಸುಮ್ಮನಾಗುತ್ತೇನೆ.

ರಿಕ್ಷಾ ನಿಲ್ದಾಣ, ಬಸ್ ತಂಗುದಾಣಗಳ ವಿಷಯ ಇಷ್ಟು ಕಠಿಣವಾಗಿರಲಿಲ್ಲ. ಸಂಚಾರ ಪೊಲೀಸರು, ಆರ್‌ಟಿಒ, ವಾರ್ಡ್ ಮೂವರನ್ನೂ ಒಂದೇ ಬೆಳಿಗ್ಗೆ ಜಾಗದಲ್ಲಿ ನಿಲ್ಲಿಸಿದರೆ ಮುಗಿಯಿತು. ಮೂವರನ್ನು ಒಂದೇ ಬೆಳಿಗ್ಗೆ ಕರೆತರುವುದು ಮಾತ್ರ ಬೇರೆ ಸಾಹಸ. ಬೀದಿ ವ್ಯಾಪಾರಿಗಳ ವಿಷಯದಲ್ಲಿ ನಿಲ್ದಾಣದಿಂದ 150 ಮೀಟರ್ ಒಳಗೆ ವ್ಯಾಪಾರ ಕೂಡದೆಂದು ಬಾಂಬೆ ಹೈಕೋರ್ಟ್ 2017ರಲ್ಲೇ ಹೇಳಿದೆ. ನಾವು ಆ ಗೆರೆಯನ್ನು ನಕ್ಷೆಯಲ್ಲಿ ಹಾಕಿ, ಅದರಾಚೆ ಜಾಗ ಗುರುತಿಸಿಕೊಟ್ಟೆವು.

ನಿಜವಾದ ಜಗ್ಗಾಟ ನಿರ್ವಹಣೆಯ ಕಲಮಿನಲ್ಲಿ. ಕಟ್ಟಲು ಹಣ ಸಿಕ್ಕುತ್ತದೆ, ಉದ್ಘಾಟನೆಯ ಫಲಕಕ್ಕೆ ಹೆಸರುಗಳೂ ಸಿಕ್ಕುತ್ತವೆ. ಎಸ್ಕಲೇಟರಿನ ಕರೆಂಟ್ ಬಿಲ್ಲಿಗೆ ಮಾತ್ರ ಯಾರೂ ಸಿಕ್ಕುವುದಿಲ್ಲ. 2008ರಿಂದೀಚೆಗೆ ಎಂಎಂಆರ್‌ಡಿಎ ಊರ ತುಂಬ ಸ್ಕೈವಾಕ್, ಅಂದರೆ ರಸ್ತೆಯ ಮೇಲಿನ ಎತ್ತರದ ಕಾಲುದಾರಿಗಳನ್ನು ಕಟ್ಟಿತು, ಬಳಿಕ ಅವು ಪಾಲಿಕೆಗೆ ಹಸ್ತಾಂತರವಾದವು. ಪೂರ್ವ ಮತ್ತು ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಗಳೂ 2022ರಲ್ಲಿ ಹಾಗೆಯೇ ಕೈ ಬದಲಿಸಿದವು. ಹಸ್ತಾಂತರ ತಪ್ಪಲ್ಲ, ಕಟ್ಟುವ ಮೊದಲೇ, ಮುಂದೆ ನೋಡಿಕೊಳ್ಳುವವರನ್ನು ಮೇಜಿನ ಬಳಿ ಕೂರಿಸಬೇಕು ಅಷ್ಟೇ. ಕೂರಿಸಿದರೆ ಅವರು ಕೇಳುವ ಪ್ರಶ್ನೆಗಳೇ ಬೇರೆ. ನಮ್ಮ ಯೋಜನೆಯ ಪಾದಚಾರಿ ಮೇಲ್ಸೇತುವೆಯ ನಕ್ಷೆ ನೋಡಿದ ವಾರ್ಡಿನ ಎಂಜಿನಿಯರ್, "ಈ ಗಾಜು ಒರೆಸಲು ಏಣಿ ಎಲ್ಲಿ ಇಡಲಿ, ಕೆಳಗೆ ಓವರ್‌ಹೆಡ್ ತಂತಿ ಇದೆಯಲ್ಲ?" ಎಂದರು. ಗಾಜು ಹೋಯಿತು, ಜಾಲರಿ ಬಂತು.

ಡೊಂಬಿವಲಿಯ ನಮ್ಮ ನೆರೆಮನೆಯವರು ಅಂಧೇರಿಯ ಕಚೇರಿಗೆ ರಿಕ್ಷಾ, ಲೋಕಲ್, ಮೆಟ್ರೋ ಹಿಡಿದು ಹೋಗುತ್ತಾರೆ. ರಿಕ್ಷಾದ ದರ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ್ದು, ಲೋಕಲ್‌ನದ್ದು ರೈಲ್ವೆಯದ್ದು, ಮೆಟ್ರೋದ್ದು ದರ ನಿಗದಿ ಸಮಿತಿಯದ್ದು. ಇವನ್ನೆಲ್ಲ ಒಂದೆಡೆ ತರಲೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಏಕೀಕೃತ ಪ್ರಾಧಿಕಾರ ಬೇಕೆಂದಿತು. 2017ರ ಮೆಟ್ರೋ ನೀತಿ ಅದನ್ನು ಷರತ್ತನ್ನಾಗಿಯೇ ಮಾಡಿತು. ಮುಂಬೈಯಲ್ಲಿ ಅಂಥದೊಂದು 2008ರಲ್ಲಿ ಸರ್ಕಾರಿ ಆದೇಶದಿಂದ ಹುಟ್ಟಿತು, ಆದರೆ ಬೆನ್ನಿಗೆ ಕಾಯ್ದೆ ಇರಲಿಲ್ಲ. ಕಾಯ್ದೆಯಿಲ್ಲದ ಪ್ರಾಧಿಕಾರದ ಪತ್ರಕ್ಕೆ ಬರುವ ಉತ್ತರ 'ಪರಿಶೀಲಿಸಲಾಗುವುದು'. ಅಮೆರಿಕದಲ್ಲಿ 1962ರ ಕಾನೂನಿನಿಂದೀಚೆಗೆ 50,000ಕ್ಕಿಂತ ಹೆಚ್ಚು ಜನರಿರುವ ನಗರ ಪ್ರದೇಶದಲ್ಲಿ ಸ್ಥಳೀಯ ಸಂಸ್ಥೆಗಳು ಸೇರಿ ಯೋಜಿಸಬೇಕು. ಅದಕ್ಕಾಗಿ ಅಲ್ಲಿರುವ ಮಹಾನಗರ ಯೋಜನಾ ಸಂಸ್ಥೆ, ರಾಜ್ಯ ಮತ್ತು ಸಾರಿಗೆ ನಿರ್ವಾಹಕರು ಪರಸ್ಪರ ಹೊಣೆಗಳನ್ನು ಲಿಖಿತ ಒಪ್ಪಂದದಲ್ಲಿ ನಮೂದಿಸಬೇಕೆಂದು ನಿಯಮವೇ ಹೇಳುತ್ತದೆ. ನನಗೆ ಹೊಟ್ಟೆಕಿಚ್ಚಾಗಿದ್ದು ಅವರ ಹಣದ ಬಗ್ಗೆಯಲ್ಲ, ಆ ಒಂದು ಕಾಗದದ ಬಗ್ಗೆ. ನಮ್ಮಲ್ಲೂ ಸಂವಿಧಾನದ 74ನೆಯ ತಿದ್ದುಪಡಿ ಮಹಾನಗರ ಯೋಜನಾ ಸಮಿತಿಯನ್ನು ಹೇಳಿದೆ, ಅದರಲ್ಲಿ ಮೂರನೆಯ ಎರಡು ಭಾಗಕ್ಕೆ ಕಡಿಮೆಯಿಲ್ಲದಂತೆ ಚುನಾಯಿತರು ಇರಬೇಕೆಂದೂ ಹೇಳಿದೆ. ನನ್ನ ಕೆಲಸದ ಮೇಜಿಗೆ ಅದರ ಪತ್ರವೊಂದು ಬಂದದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಒಂದೊಂದು ನಿಲ್ದಾಣಕ್ಕೂ ಕೈಯಿಂದ ಕೋಷ್ಟಕ ಬರೆಯಬೇಕಾಗಿದೆ.

ಕಾಲುವೆಯ ಕೆಲಸ ಮಳೆಗೆ ಮೊದಲೇ ಮುಗಿಯಿತು. ಬಸ್ ತಂಗುದಾಣ ಸರಿದು ನಿಂತಿದೆ, ರಿಕ್ಷಾದವರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಹಬ್ಬದ ದಿನಗಳನ್ನು ಬಿಟ್ಟು. ಮೇಲ್ಸೇತುವೆಯನ್ನು ಮೆಟ್ರೋ ನಿಲ್ದಾಣಕ್ಕೆ ಕೂಡಿಸುವ ಕೊಂಡಿಯ ಎದುರಿಗೆ ಒಡೆತನ, ಹಣ, ನಿರ್ಮಾಣ ಮೂರೂ ತುಂಬಿವೆ. ಲಿಫ್ಟಿನ ನಿರ್ವಹಣೆಯ ಚೌಕದಲ್ಲಿ ಇನ್ನೂ 'ಬಾಕಿ' ಎಂದಿದೆ. ಅದು ತುಂಬುವ ತನಕ ಟೆಂಡರ್ ಕರೆಯಬೇಡಿ ಎಂದು ಪ್ರತಿ ಸಭೆಯ ನಡಾವಳಿಯಲ್ಲೂ ಬರೆದು ಕಳಿಸುತ್ತಿದ್ದೇನೆ.