ಚಪ್ಪಲಿ ಬಿಚ್ಚಿಸಿ ಅಳೆದ ಮೇಲೆ

ಪುಣೆಯಲ್ಲಿ ನಾನು ಮಕ್ಕಳ ಡಾಕ್ಟರು. ಕನ್ನಡ ಮಾತಾಡ್ತೀನಿ ಅಂತ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಹುಡುಕಿಕೊಂಡು ಬರುತ್ತಾರೆ. ಹಾಗೆ ಒಬ್ಬ ಅಜ್ಜಿ ಮೊಮ್ಮಗನನ್ನು ಕರೆತಂದರು. ಅವನಿಗೆ 14 ವರ್ಷ. ಹುಟ್ಟಿನಿಂದಲೇ ಎಚ್‌ಐವಿ. ಏಳನೇ ವಯಸ್ಸಿನಿಂದ ಎಆರ್‌ಟಿ, ಅಂದರೆ ಎಚ್‌ಐವಿ ವೈರಸ್ಸನ್ನು ಹತೋಟಿಯಲ್ಲಿಡುವ ಮಾತ್ರೆ.

"ಇವನ ವಾರಿಗೆ ಹುಡುಗ್ರಿಗೆ ಮೀಸಿ ಚಿಗುರ್ಯಾವ್ರಿ. ಇವ ಮಾತ್ರ ಇದ್ದಾಂಗ ಅದಾನ" ಎಂದರು ಅಜ್ಜಿ. ಎಲ್ಲೋ ಬೆಳವಣಿಗೆಯ ಹಾರ್ಮೋನ್ ಇಂಜೆಕ್ಷನ್ ಕೊಡಿಸಿ ಅಂದಿದ್ದರಂತೆ. ಅದಕ್ಕಾಗಿ ಬಂಗಾರದ ಬೋರಮಾಳ ಮಾರಲು ಹೊರಟಿದ್ದರು.

ಹಳೇ ಕಾರ್ಡ್ ನೋಡಿದೆ. ಒಂದು ಸಲ 131 ಸೆಂ.ಮೀ., ಆರು ತಿಂಗಳ ಮೇಲೆ 130. ಮಕ್ಕಳು ಕುಗ್ಗಲ್ಲ ಅಲ್ವಾ? ಚಪ್ಪಲಿ ಹಾಕಿಸಿಯೇ ಅಳೆದಿದ್ದಾರೆ. ನಾನು ಬರಿಗಾಲಲ್ಲಿ ನಿಲ್ಲಿಸಿದೆ. ಹಿಮ್ಮಡಿ, ಕುಂಡೆ, ಬೆನ್ನು ಗೋಡೆಗೆ. ಕಣ್ಣಿನ ಕೆಳಗಿನ ಅಂಚು ಮತ್ತು ಕಿವಿಯ ತೂತು ಒಂದೇ ಸಾಲಿಗೆ. ಕೂದಲು ಒತ್ತುವಂತೆ ಹಲಗೆ ಇಳಿಸಿ ಮೂರು ಸಲ ಅಳೆದೆ. 128. ಎಂಟು ವರ್ಷದ ಹುಡುಗನ ಎತ್ತರ.

ಎಡಗೈ ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು ಹತ್ತೂವರೆ. ಇದು ಖುಷಿಯ ಸುದ್ದಿ, ಬೆಳೆಯಲು ಇನ್ನೂ ಜಾಗ ಇದೆ. ಬೇರೆ ಬೇರೆ ಗಾತ್ರದ ಮಣಿಗಳಿರುವ ಅಳತೆಯ ಸರ ಹಿಡಿದು ವೃಷಣದ ಗಾತ್ರ ಹೋಲಿಸಿ ನೋಡಿದೆ, 3 ಮಿ.ಲೀ. ಪ್ರಾಯ ಶುರುವಾಗುವುದು 4 ಮಿ.ಲೀ. ಆದಾಗ. ಥೈರಾಯ್ಡ್ ಸರಿಯಿತ್ತು. ವಿಟಮಿನ್ ಡಿ ಕಡಿಮೆ, ಮೂಳೆ ಬೆಳೆಸುವ ಐಜಿಎಫ್-1 ಎಂಬ ಹಾರ್ಮೋನ್ ಕೂಡ ಕಡಿಮೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಬೆಳವಣಿಗೆಯ ಹಾರ್ಮೋನ್ ಬಿಡುತ್ತದೆ, ಅದರ ಮಾತು ಕೇಳಿ ಲಿವರ್ ಐಜಿಎಫ್-1 ತಯಾರಿಸಬೇಕು. ವೈರಸ್ ಹೆಚ್ಚಿದ್ದು ಹೊಟ್ಟೆಗೂ ಸಾಲದಿದ್ದರೆ ಲಿವರ್ ಕೇಳುವುದಿಲ್ಲ. ಅಜ್ಜಿಗೆ, "ಬೀಜ ಬಿದ್ದೈತಿ, ನೆಲದಾಗ ಹಸಿ ಇಲ್ಲ" ಎಂದೆ. ಅವರಿಗೆ ತಕ್ಷಣ ತಿಳಿಯಿತು.

ವೈರಲ್ ಲೋಡ್, ಅಂದರೆ ಒಂದು ಮಿ.ಲೀ. ರಕ್ತದಲ್ಲಿನ ವೈರಸ್ ಎಣಿಕೆ, 1000 ದಾಟಿತ್ತು. ಮಾತ್ರೆ ವೈರಸ್ಸನ್ನು ತಡೆಯುತ್ತಿರಲಿಲ್ಲ. ಅಜ್ಜಿಯನ್ನು ಚಹಾಕ್ಕೆ ಕಳಿಸಿ ಹುಡುಗನನ್ನು ಕೇಳಿದೆ. ಅವನು ಕಾಲಿನ ಹೆಬ್ಬೆರಳನ್ನೇ ನೋಡುತ್ತ ಹೇಳಿದ. ಮಾವನ ಜೊತೆ ಕೆಲಸದವರು ಐದು ಜನ ಒಂದೇ ಶೆಡ್ಡಿನಲ್ಲಿ ಮಲಗುತ್ತಾರೆ. ಅವರ ಎದುರು ಡಬ್ಬಿ ತೆಗೆಯಲು ಹೆದರಿ ರಾತ್ರಿ ಮಾತ್ರೆ ಬಿಡುತ್ತಿದ್ದ. ನಾನು ಬೈಯಲಿಲ್ಲ. ಏಳು ವರ್ಷದಲ್ಲಿ ಈ ಮಗುವನ್ನು ಯಾರೂ ಒಬ್ಬನನ್ನೇ ಕೂರಿಸಿ ಕೇಳಿರಲಿಲ್ಲ. ಆ ಸಂಕಟ ನನಗೆ ಈಗಲೂ ಇದೆ.

ಎಆರ್‌ಟಿ ಕೇಂದ್ರದವರು ಮತ್ತೆ ಪರೀಕ್ಷೆ ಮಾಡಿ, ಡೊಲುಟೆಗ್ರಾವಿರ್ ಇರುವ ಔಷಧಿಗೆ ಬದಲಾಯಿಸಿದರು. ದಿನಕ್ಕೆ ಒಂದೇ ಹೊತ್ತು. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಅಜ್ಜಿಯ ಕೈಯಿಂದ. ಕ್ಯಾಲ್ಸಿಯಂ ಮಾತ್ರೆಯನ್ನು ರಾತ್ರಿಗೆ ಇಟ್ಟೆ. ಖಾಲಿ ಹೊಟ್ಟೆಯಲ್ಲಿ ಎರಡನ್ನೂ ಒಟ್ಟಿಗೆ ನುಂಗಿದರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ ಡಬ್ಬಿ ಯಾರು ನೋಡಿದರೂ ಅವನಿಗೆ ಚಿಂತೆಯಿಲ್ಲ. ಜೊತೆಗೆ ದಿನಾ ಎರಡು ಮೊಟ್ಟೆ, ರೊಟ್ಟಿಗೆ ಶೇಂಗಾ ಹಿಂಡಿ. ವೈರಸ್ ಹತೋಟಿಗೆ ಬರುವ ಮೊದಲು ಇಂಜೆಕ್ಷನ್ ಮಾತೇ ಬೇಡ ಎಂದೆ. ಬೋರಮಾಳ ಉಳಿಯಿತು.

ವರ್ಷದ ಮೇಲೆ 135 ಸೆಂ.ಮೀ. ವೃಷಣ ಈಗ ಸರದ ಆರನೇ ಮಣಿಯ ಗಾತ್ರ, ಪ್ರಾಯ ಶುರುವಾಗಿತ್ತು.

"ನಮ್ಮಪ್ಪನಷ್ಟು ಎತ್ತರ ಆಗ್ತೀನೇನ್ರಿ?" ಎಂದು ಕೇಳಿದ. ಔಷಧಿ ತಡವಾಗಿ ಶುರುವಾದ ಮಕ್ಕಳಿಗೆ ಹೋದ ಎತ್ತರ ಪೂರ್ತಿ ಸಿಗುವುದು ಕಷ್ಟ. ಸುಳ್ಳು ಹೇಳಲಿಲ್ಲ. "ಅಷ್ಟು ಆಗಲಿಕ್ಕಿಲ್ಲಪ್ಪ. ಆದ್ರೆ ಇನ್ನೂ ಬೆಳೀತಿ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಚಪ್ಪಲಿ ಮೆಟ್ಟುತ್ತ ಕೇಳಿದ: "ಮತ್ತ ಯಾವಾಗ ಅಳೀತೀರಿ?"