ಮೊಲದ ಕೂದಲು ಉದುರುವ ಕಾಲ: ಹೊಟ್ಟೆ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಚಳಿ ಹಿಂದೆ ಸರಿದು ಬಿಸಿಲು ಏರತೊಡಗುವ ಹೊತ್ತಿಗೆ ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಮೊಲ ಸಾಕಿದವರ ಮನೆಯಲ್ಲಿ ಗೂಡಿನ ಜಾಲರಿ, ಕಿಟಕಿಯ ಸೊಳ್ಳೆಪರದೆ, ಒಣಹಾಕಿದ ಬಟ್ಟೆ, ಎಲ್ಲೆಲ್ಲೂ ಕೂದಲು ಕಾಣಿಸುತ್ತದೆ. ನೆಲದ ಮೇಲೆ ಬಿದ್ದ ಕೂದಲನ್ನು ಗುಡಿಸಿದರೆ ಮುಗಿಯಿತು. ನಿಜವಾಗಿ ಗಮನಿಸಬೇಕಾದದ್ದು ಮೊಲದ ಹೊಟ್ಟೆಗೆ ಹೋಗುವ ಕೂದಲನ್ನು. ಬೆಕ್ಕಿನಂತೆಯೇ ಮೊಲವೂ ದಿನಕ್ಕೆ ಹಲವು ಸಲ ಮೈ ನೆಕ್ಕಿಕೊಂಡು ಶುಚಿಯಾಗುವ ಪ್ರಾಣಿ. ಆದರೆ ಬೆಕ್ಕು ನುಂಗಿದ ಕೂದಲನ್ನು ವಾಂತಿ ಮಾಡಿ ಹೊರಹಾಕಬಲ್ಲದು, ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ಒಳಗೆ ಹೋದದ್ದು ಕರುಳಿನ ಉದ್ದಕ್ಕೂ ಸಾಗಿ ಹಿಕ್ಕೆಯ ಮೂಲಕವೇ ಹೊರಬರಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಸರಿಪಡಿಸಿಕೊಳ್ಳುವುದು ಅಗತ್ಯ. ಕೂದಲು ಉಂಡೆಗಟ್ಟಿ ಹೊಟ್ಟೆಯನ್ನು ಮುಚ್ಚುವುದರಿಂದ ಮೊಲ ಊಟ ಬಿಡುತ್ತದೆ ಎಂದು ಬಹುತೇಕರು ನಂಬಿದ್ದಾರೆ. ಆರೋಗ್ಯವಾಗಿರುವ ಮೊಲದ ಜಠರದಲ್ಲಿಯೂ ಯಾವಾಗಲೂ ಸ್ವಲ್ಪ ಕೂದಲು ಇದ್ದೇ ಇರುತ್ತದೆ, ಅದು ಮೇವಿನೊಂದಿಗೆ ಬೆರೆತು ಮುಂದೆ ಸಾಗುತ್ತಲೂ ಇರುತ್ತದೆ. ನಾರು ಕಡಿಮೆಯಾಗಿ, ನೀರು ಸಾಲದೆ, ನೋವಿನಿಂದಲೋ ಹೆದರಿಕೆಯಿಂದಲೋ ಕರುಳಿನ ಚಲನೆ ನಿಧಾನವಾದಾಗ ಜಠರದಲ್ಲಿರುವ ಮೇವು ಒಣಗಿ, ಅದರೊಳಗಿನ ಕೂದಲು ಗಟ್ಟಿಯಾಗಿ ಹೆಣೆದುಕೊಳ್ಳುತ್ತದೆ. ಅಂದರೆ ಹೆಚ್ಚಿನ ಸಂದರ್ಭಗಳಲ್ಲಿ ಕರುಳು ನಿಧಾನವಾಗುವುದು ಮೊದಲು, ಕೂದಲಿನ ಉಂಡೆ ಆಮೇಲೆ. ಆದ್ದರಿಂದ ಬಾಚಣಿಗೆ ಎಷ್ಟು ಮುಖ್ಯವೋ ಅದಕ್ಕಿಂತ ಹುಲ್ಲು ಹೆಚ್ಚು ಮುಖ್ಯ ಎಂಬ ತಿಳಿವಳಿಕೆಯೊಂದಿಗೆ ಆರೈಕೆಯನ್ನು ಆರಂಭಿಸಬೇಕು.

ಮೊದಲು, ಉದುರುವಿಕೆ ಸಹಜವೇ ಎಂದು ಗುರುತಿಸಿ

ಮೊಲಗಳು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆಯಂತೆ ಕೂದಲು ಬದಲಿಸುತ್ತವೆ. ವರ್ಷದಲ್ಲಿ ಎರಡು ಸಲ ಅದು ಜೋರಾಗಿರುತ್ತದೆ. ಹಗಲಿನ ಉದ್ದ ಮತ್ತು ಹವೆಯ ಬಿಸಿ ಬದಲಾಗುವುದೇ ಇದಕ್ಕೆ ಪ್ರೇರಣೆ. ಮನೆಯೊಳಗೆ ರಾತ್ರಿಯವರೆಗೂ ದೀಪದ ಬೆಳಕಿನಲ್ಲಿರುವ ಮೊಲಕ್ಕೆ ಈ ಲೆಕ್ಕ ತಪ್ಪಿ, ವರ್ಷವಿಡೀ ಸ್ವಲ್ಪಸ್ವಲ್ಪ ಉದುರುವುದೂ ಉಂಟು. ಸಹಜ ಉದುರುವಿಕೆ ಹೆಚ್ಚಾಗಿ ತಲೆಯ ಕಡೆಯಿಂದ ಆರಂಭವಾಗಿ, ಕತ್ತು ಬೆನ್ನುಗಳನ್ನು ದಾಟಿ ಸೊಂಟದ ಕಡೆಗೆ ಸಾಗುತ್ತದೆ. ಕೆಲವು ಮೊಲಗಳಿಗೆ ಪಕ್ಕೆಯಲ್ಲಿ ಹಳೆಯ ಮತ್ತು ಹೊಸ ಕೂದಲಿನ ನಡುವೆ ಗೆರೆ ಎಳೆದಂತೆ ಕಾಣುತ್ತದೆ, ಸೊಂಟದ ಮೇಲೆ ಕುಚ್ಚುಕುಚ್ಚಾಗಿ ಸಡಿಲ ಕೂದಲು ಎದ್ದು ನಿಲ್ಲುತ್ತದೆ. ಅದರ ಕೆಳಗಿನ ಚರ್ಮ ಶುಭ್ರವಾಗಿದ್ದು ಹೊಸ ಕೂದಲು ಮೊಳೆಯುತ್ತಿದ್ದರೆ ಆತಂಕಪಡಬೇಕಾಗಿಲ್ಲ.

ಮೂಗು, ಕಿವಿಯ ಅಂಚು ಅಥವಾ ಪಾದಗಳ ಮೇಲೆ ಬೂದು ಬಣ್ಣದ ಹಕ್ಕಳೆ ಕಟ್ಟಿದ್ದರೆ ಅದು ಕಜ್ಜಿಯಾಗಿರಬಹುದು. ದುಂಡಗೆ ಕೂದಲು ಹೋಗಿ ಚರ್ಮ ಒರಟಾಗಿದ್ದರೆ ಹುಳುಕಡ್ಡಿಯಾಗಿರಬಹುದು, ಅದು ಮನುಷ್ಯರಿಗೂ ಅಂಟುತ್ತದೆ. ಹೆಣ್ಣು ಮೊಲ ತನ್ನ ಗಂಗೆದೊಗಲಿನಿಂದಲೂ ಹೊಟ್ಟೆಯಿಂದಲೂ ಕೂದಲು ಕಿತ್ತು ಬಾಯಲ್ಲಿ ಹಿಡಿದುಕೊಂಡು ಮೂಲೆಗೆ ಒಯ್ಯುತ್ತಿದ್ದರೆ ಅದು ಮರಿಗಾಗಿ ಗೂಡು ಸಿದ್ಧಪಡಿಸುವ ಲಕ್ಷಣ. ಗಬ್ಬವಿಲ್ಲದಿದ್ದರೂ ಗಬ್ಬ ನಿಂತಂತೆ ನಡೆದುಕೊಳ್ಳುವ ಹೆಣ್ಣುಗಳಲ್ಲಿಯೂ ಇದು ಕಾಣುತ್ತದೆ. ಚರ್ಮದ ತೊಂದರೆ ಕಂಡಾಗ ಒಂದು ಮಾತನ್ನು ಕಡ್ಡಾಯವಾಗಿ ನೆನಪಿಡಬೇಕು: ನಾಯಿಗಳ ಉಣ್ಣಿ ಮತ್ತು ಚಿಗಟಕ್ಕೆ ಬಳಸುವ ಫಿಪ್ರೊನಿಲ್ ಇರುವ ಸ್ಪ್ರೇಯನ್ನಾಗಲಿ ಹನಿಗಳನ್ನಾಗಲಿ ಮೊಲಕ್ಕೆ ಹಾಕಬಾರದು. ಮೊಲಗಳಿಗೆ ಅದು ವಿಷ, ಪ್ರಾಣ ಹೋಗಬಹುದು.

ಹುಲ್ಲನ್ನು ಹೊಂದಿಸಿಕೊಳ್ಳಿ

ಮೊಲದ ದಿನದ ಆಹಾರದಲ್ಲಿ ಶೇ 80ರಷ್ಟಾದರೂ ಹುಲ್ಲೇ ಇರಬೇಕು. ಉದ್ದನೆಯ ನಾರು ಕರುಳನ್ನು ಮೀಟುತ್ತ ಒಳಗಿನ ಕೂದಲನ್ನೂ ತನ್ನೊಂದಿಗೆ ಸೆಳೆದುಕೊಂಡು ಹೋಗುತ್ತದೆ. ಜೊತೆಗೆ ಜೀವನವಿಡೀ ಬೆಳೆಯುತ್ತಲೇ ಇರುವ ಹಲ್ಲುಗಳನ್ನು ಸವೆಸುತ್ತದೆ. ಹಲ್ಲು ಅತಿಯಾಗಿ ಬೆಳೆದ ಮೊಲ ನೋವಿನಿಂದ ಮೇವು ಬಿಡುತ್ತದೆ, ಮೇವು ಬಿಟ್ಟರೆ ಕರುಳು ನಿಲ್ಲುತ್ತದೆ. ಸಾಕುಪ್ರಾಣಿಗಳ ಅಂಗಡಿಗಳಲ್ಲಿ ಸಿಗುವ ತಿಮೋತಿ ಹುಲ್ಲು ಒಳ್ಳೆಯದೇ ಆದರೂ ಬೆಲೆ ಹೆಚ್ಚು, ಎಲ್ಲ ಕಾಲಕ್ಕೂ ಸಿಗುವುದಿಲ್ಲ. ನಮ್ಮ ಭಾಗದಲ್ಲಿ ಅದಕ್ಕಾಗಿಯೇ ಕಾಯಬೇಕಾದ ಅಗತ್ಯವೂ ಇಲ್ಲ.

ಹೊಲದ ಬದುಗಳಲ್ಲಿ, ಕಾಲುವೆಯ ಅಂಚಿನಲ್ಲಿ ಬೆಳೆಯುವ ಗರಿಕೆ ಮೊಲಕ್ಕೆ ಬಹಳ ಹಿತವಾದ ಮೇವು. ಕಳೆನಾಶಕವನ್ನೋ ಕೀಟನಾಶಕವನ್ನೋ ಸಿಂಪಡಿಸಿದ ಮೆಕ್ಕೆಜೋಳ ಮತ್ತು ಹತ್ತಿ ಹೊಲಗಳ ಬದು, ವಾಹನಗಳ ಹೊಗೆ ಬೀಳುವ ರಸ್ತೆಬದಿ, ಬೀದಿನಾಯಿಗಳು ತಿರುಗಾಡುವ ಖಾಲಿ ನಿವೇಶನ, ಈ ಮೂರನ್ನು ಬಿಟ್ಟು ಬೇರೆ ಕಡೆಯಿಂದ ಗರಿಕೆ ಕೊಯ್ದು ತಂದು, ತೊಳೆದು, ನೆರಳಿನಲ್ಲಿ ತೆಳುವಾಗಿ ಹರಡಿ ಒಣಗಿಸಬೇಕು. ಹಸಿರು ಬಣ್ಣ ಇನ್ನೂ ಉಳಿದಿರುವಾಗಲೇ, ತಿರುಚಿದರೆ ಚಟಚಟ ಎನ್ನುವಷ್ಟು ಒಣಗಿದ್ದರೆ ಅದು ಹದ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದರೆ ಒಳಗೆ ಬೆವರಿ ಬೂಸು ಹಿಡಿಯುತ್ತದೆ. ಗೋಣಿಚೀಲದಲ್ಲಿ ನೆಲಕ್ಕೆ ತಾಗದಂತೆ ಇಡುವುದು ಸರಿ.

ಹೊಸದುರ್ಗ, ಹೊಳಲ್ಕೆರೆ ಕಡೆಯ ಪರಿಚಯದ ರೈತರಿದ್ದರೆ ಅವರಿಂದ ರಾಗಿ ಹುಲ್ಲು ಸುಲಭವಾಗಿ ಸಿಗುತ್ತದೆ, ಗರಿಕೆಯ ಜೊತೆ ಬೆರೆಸಿ ಕೊಡಬಹುದು. ಭದ್ರಾ ನಾಲೆಯ ಬಯಲಿನಲ್ಲಿ ಸಿಗುವ ಭತ್ತದ ಹುಲ್ಲು ಒರಟು, ಅದರಲ್ಲಿ ಸತ್ವವೂ ಕಡಿಮೆ. ಹಾಸಿಗೆಗೆ ಅದು ಚೆನ್ನ, ಮೇವಿಗೆ ಬೇರೇನೂ ಇಲ್ಲದಾಗ ಮಾತ್ರ. ಚಳ್ಳಕೆರೆ ಕಡೆ ಹೇರಳವಾಗಿರುವ ಶೇಂಗಾ ಬಳ್ಳಿಯನ್ನು ಮೊಲಗಳು ಆಸೆಯಿಂದ ತಿನ್ನುತ್ತವೆ. ಆದರೆ ಅದು ದ್ವಿದಳ ಜಾತಿಯ ಮೇವಾದ್ದರಿಂದ ಸಸಾರಜನಕ ಮತ್ತು ಸುಣ್ಣದ ಅಂಶ ಹೆಚ್ಚು. ಬೆಳೆದ ಮೊಲಕ್ಕೆ ವಾರದಲ್ಲಿ ಒಂದೆರಡು ಸಲ ಒಂದು ಹಿಡಿ ಸಾಕು. ಬೂಸು ತಗುಲಿದ ಶೇಂಗಾ ಬಳ್ಳಿಯನ್ನು ಮಾತ್ರ ಎಂದಿಗೂ ಕೊಡಬಾರದು, ಏಕೆಂದರೆ ಬೂಸಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವನ್ನು ಮೊಲದ ಯಕೃತ್ತು ತಾಳುವುದಿಲ್ಲ. ದಿನಕ್ಕೆ ಮೊಲದ ಮೈಗಾತ್ರದಷ್ಟಾದರೂ ಹುಲ್ಲಿನ ಕಟ್ಟು ಎದುರಿಗಿರಬೇಕು, ರಾತ್ರಿಯೂ ಖಾಲಿಯಾಗಬಾರದು.

ಇಷ್ಟು ದಿನ ಕಾಳು ತಿಂದೇ ಬೆಳೆದ ಮೊಲವನ್ನು ಒಂದೇ ದಿನದಲ್ಲಿ ಹುಲ್ಲಿಗೆ ತಿರುಗಿಸಬಾರದು. ಒಂದೆರಡು ವಾರಗಳಲ್ಲಿ ಕಾಳನ್ನು ಹಂತಹಂತವಾಗಿ ಇಳಿಸುತ್ತ ಹುಲ್ಲನ್ನು ಏರಿಸಬೇಕು.

ಯಾವುದನ್ನು ನಿಲ್ಲಿಸಬೇಕು

ಮಂಡಕ್ಕಿ, ಮೆಕ್ಕೆಜೋಳದ ಕಾಳು, ಅನ್ನ, ಬ್ರೆಡ್ಡು, ಬಿಸ್ಕತ್ತು. ದಾವಣಗೆರೆಯಲ್ಲಿ ಮನೆಗೆ ಬಂದ ಮಕ್ಕಳು ಮೊಲದ ಮುಂದೆ ಮೊದಲು ಚಾಚುವುದೇ ಒಂದು ಹಿಡಿ ಮಂಡಕ್ಕಿಯನ್ನು, ಮೊಲವೂ ಅದನ್ನು ಬೇಡ ಎನ್ನುವುದಿಲ್ಲ. ಪಿಷ್ಟ ತುಂಬಿದ ಇಂಥ ತಿನಿಸು ಮೊಲದ ಕುರುಡುಗರುಳಿನಲ್ಲಿ (ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿನ ಚೀಲ) ಇರುವ ಉಪಕಾರಿ ಸೂಕ್ಷ್ಮಜೀವಿಗಳ ಸಮತೋಲವನ್ನು ಕೆಡಿಸಿ ವಾಯು ತುಂಬಿಸುತ್ತದೆ, ಕೂದಲು ಉದುರುವ ವಾರಗಳಲ್ಲಿ ಇದರ ಪರಿಣಾಮ ಇನ್ನೂ ಗಂಭೀರ. ಅಂಗಡಿಯ ಪೆಲೆಟ್ (ಒತ್ತಿ ಮಾಡಿದ ಗುಳಿಗೆಯಂಥ ಮೇವು) ಕೊಡುವವರು ಮೊಲದ ತೂಕದ ಪ್ರತಿ ಕಿಲೋಗೆ 20ರಿಂದ 25 ಗ್ರಾಂಗೆ ಮಿತಿಗೊಳಿಸಬೇಕು. ಕ್ಯಾರೆಟ್ಟು ಕೂಡ ಸಿಹಿ ಪದಾರ್ಥವೇ. ಒಂದು ಸಣ್ಣ ತುಂಡಿಗಿಂತ ಹೆಚ್ಚು ಬೇಡ.

ಪಪ್ಪಾಯಿ ಅಥವಾ ಅನಾನಸಿನ ರಸ ಕೊಟ್ಟರೆ ಹೊಟ್ಟೆಯೊಳಗಿನ ಕೂದಲು ಕರಗುತ್ತದೆ ಎಂಬ ಸಲಹೆ ಬಹಳ ಹಿಂದಿನಿಂದಲೂ ಬಾಯಿಂದ ಬಾಯಿಗೆ ಸಾಗಿ ಬಂದಿದೆ. ಕೂದಲು ಕೆರಾಟಿನ್ ಎಂಬ ಗಟ್ಟಿ ಪದಾರ್ಥದಿಂದಾದದ್ದು, ಈ ಹಣ್ಣುಗಳಲ್ಲಿರುವ ಕಿಣ್ವಗಳು ಅದನ್ನು ಕರಗಿಸಲಾರವು. ರಸದಿಂದ ಮೊಲಕ್ಕೆ ಸಿಗುವುದು ಸಕ್ಕರೆ ಮಾತ್ರ. ಎಣ್ಣೆ, ತುಪ್ಪ, ಹರಳೆಣ್ಣೆಯನ್ನು ಬಾಯಿಗೆ ಹಾಕುವುದೂ ಬೇಡ. ಒತ್ತಾಯದಿಂದ ಹಾಕಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ.

ನೀರು ಮತ್ತು ತಂಪು

ಕರುಳಿನೊಳಗಿನ ಮೇವು ತೇವವಾಗಿದ್ದರೆ ಮಾತ್ರ ಕೂದಲು ಸರಾಗವಾಗಿ ಸಾಗುತ್ತದೆ. ಎರಡು ಕಿಲೋ ತೂಕದ ಮೊಲ ದಿನಕ್ಕೆ ಸುಮಾರು 200 ಮಿಲಿಲೀಟರ್ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಕೊಳವೆಯ ಬಾಟಲಿಗಿಂತ ಅಗಲ ಬಾಯಿಯ ಪಾತ್ರೆಯಲ್ಲಿ ಮೊಲ ಹೆಚ್ಚು ನೀರು ಕುಡಿಯುವುದರಿಂದ, ಮಗುಚಿ ಬೀಳದ ಭಾರವಾದ ಮಣ್ಣಿನ ಬೋಗುಣಿಯನ್ನು ಇಟ್ಟು ದಿನಕ್ಕೆ ಎರಡು ಸಲ ನೀರು ಬದಲಿಸಬೇಕು. ಕೊತ್ತಂಬರಿ, ಪುದೀನ, ಸಬ್ಬಸಿಗೆ ಸೊಪ್ಪನ್ನು ತೊಳೆದು ನೀರು ಸೋರುವಂತೆಯೇ ಕೊಟ್ಟರೆ ಸೊಪ್ಪಿನ ಜೊತೆಗೆ ನೀರೂ ಒಳಗೆ ಹೋಗುತ್ತದೆ.

ಏಪ್ರಿಲ್–ಮೇ ತಿಂಗಳ ಮಧ್ಯಾಹ್ನಗಳಲ್ಲಿ ಇಲ್ಲಿನ ಬಿಸಿಲು 38 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಮೊಲ ಬೆವರುವುದಿಲ್ಲ, 30 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ, ಸೆಕೆಗೆ ಮೇವು ಬಿಟ್ಟಿತೆಂದರೆ ಮೇಲೆ ಹೇಳಿದ ತೊಂದರೆಗಳೆಲ್ಲ ಶುರುವಾಗುತ್ತವೆ. ಗೂಡನ್ನು ತಾರಸಿಯ ಮೇಲಿನ ಶೀಟಿನಡಿಯಿಂದ ಇಳಿಸಿ ನೆಲಮಹಡಿಯ ತಂಪು ಕೋಣೆಗೆ ತರಬೇಕು, ಹೊರಮೈಗೆ ಒದ್ದೆ ಗೋಣಿಚೀಲ ಇಳಿಬಿಡಬೇಕು. ನೀರು ತುಂಬಿ ಮಂಜುಗಟ್ಟಿಸಿದ ಬಾಟಲಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟರೆ ಮೊಲ ತಾನೇ ಅದಕ್ಕೆ ಒರಗಿ ಮಲಗುತ್ತದೆ.

ಬಾಚುವ ಕ್ರಮ

ಉಳಿದ ದಿನಗಳಲ್ಲಿ ವಾರಕ್ಕೊಮ್ಮೆ, ಉದುರುವ ಕಾಲದಲ್ಲಿ ದಿನಕ್ಕೊಮ್ಮೆ ಬಾಚಬೇಕು. ಒಂದು ಸಲಕ್ಕೆ 10–15 ನಿಮಿಷ ಮೀರಬಾರದು. ಮೊಲ ಬೇಸರಗೊಂಡರೆ ಅಷ್ಟಕ್ಕೇ ಬಿಟ್ಟು ಸಂಜೆ ಮುಂದುವರಿಸಬಹುದು. ಫ್ಯಾನು ಆರಿಸಿ, ಚಿತ್ರದುರ್ಗದಂಥ ಗಾಳಿಯ ಊರಿನಲ್ಲಿ ಕಿಟಕಿಯನ್ನೂ ಮುಚ್ಚಿ, ನೆಲದ ಮೇಲೆ ಒರಟು ಟವೆಲ್ ಹಾಸಿ ಅದರ ಮೇಲೆ ಮೊಲವನ್ನು ಕೂರಿಸಬೇಕು. ನುಣುಪಾದ ಟೈಲ್ಸ್ ಮೇಲೆ ಕಾಲು ಜಾರಿದರೆ ಅದು ಗಾಬರಿಯಿಂದ ಒದೆಯುತ್ತದೆ. ಹಿಂಗಾಲುಗಳ ಆ ಒದೆತಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು, ಆದ್ದರಿಂದ ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಕೈ ಹಿಂಭಾಗದಡಿ ಇರಲೇಬೇಕು. ಕಿವಿ ಹಿಡಿದು ಎತ್ತುವುದು ಹಿಂಸೆ.

ಮೊದಲು ಅಂಗೈಯನ್ನು ನೀರಿನಲ್ಲಿ ತುಸು ಒದ್ದೆ ಮಾಡಿ, ತಲೆಯಿಂದ ಬಾಲದ ಕಡೆಗೆ ನಾಲ್ಕಾರು ಸಲ ಸವರಬೇಕು. ಸಡಿಲ ಕೂದಲಿನ ಹೆಚ್ಚಿನ ಪಾಲು ಕೈಗೇ ಅಂಟಿಕೊಂಡು ಬರುತ್ತದೆ. ಆಮೇಲೆ ರಬ್ಬರಿನ ಮುಳ್ಳುಗಳಿರುವ ಕೈಗವಸಿನಿಂದ ಅಥವಾ ಮೊಂಡು ತುದಿಯ ಸಣ್ಣ ಹಲ್ಲಿನ ಬಾಚಣಿಗೆಯಿಂದ ಕೂದಲು ಬೆಳೆದ ದಿಕ್ಕಿನಲ್ಲೇ ಬಾಚಬೇಕು. ನಾಯಿಗಳಿಗೆ ಬಳಸುವ ಚೂಪು ತಂತಿಯ ಬ್ರಷ್ ಬೇಡ. ಮೊಲದ ಚರ್ಮ ಬಹಳ ತೆಳು, ಸುಲಭವಾಗಿ ಹರಿಯುತ್ತದೆ. ಸೊಂಟದ ಕುಚ್ಚುಗಳನ್ನು ಬೆರಳುಗಳಿಂದ ಮೃದುವಾಗಿ ಎಳೆದರೆ ಬಿಡುವಷ್ಟು ಬಿಡಲಿ, ಬಿಡದಿದ್ದನ್ನು ಮರುದಿನಕ್ಕೆ ಉಳಿಸಬೇಕು. ಜಡೆಗಟ್ಟಿದ ಕೂದಲನ್ನು ಬೆರಳಿನಿಂದ ಸ್ವಲ್ಪಸ್ವಲ್ಪವೇ ಬಿಡಿಸಬೇಕೇ ಹೊರತು ಕತ್ತರಿ ಹಾಕಬಾರದು, ಏಕೆಂದರೆ ಗಂಟಿನೊಂದಿಗೆ ಚರ್ಮವೂ ಮೇಲೆದ್ದಿರುತ್ತದೆ. ಸ್ನಾನ ಮಾಡಿಸಿ ಕೂದಲು ತೆಗೆಯುವ ಯೋಚನೆಯನ್ನಂತೂ ಬಿಟ್ಟುಬಿಡಬೇಕು. ಮೈ ಪೂರ್ತಿ ತೊಯ್ದ ಮೊಲ ಹೆದರಿಕೆಯ ಆಘಾತದಿಂದಲೇ ಸಾಯಬಹುದು.

ಎರಡು ಮೊಲಗಳು ಜೊತೆಗಿದ್ದರೆ ಒಂದರ ಕೂದಲು ಇನ್ನೊಂದರ ಹೊಟ್ಟೆಗೆ ಹೋಗುತ್ತದೆ, ಹಾಗಾಗಿ ಎರಡನ್ನೂ ಬಾಚಬೇಕು. ಉದ್ದ ಕೂದಲಿನ ಅಂಗೋರಾ ತಳಿಗೆ ಬಾಚುವುದೊಂದೇ ಸಾಲದು, ಸುಮಾರು ಮೂರು ತಿಂಗಳಿಗೊಮ್ಮೆ ಅನುಭವಿಗಳಿಂದ ಉಣ್ಣೆ ಕತ್ತರಿಸಬೇಕಾಗುತ್ತದೆ. ಬಾಚಿ ಮುಗಿದ ಕೂಡಲೇ ಟವೆಲನ್ನು ಹೊರಗೆ ಕೊಡವಿ, ಗೂಡಿನ ಜಾಲರಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು.

ಹಿಕ್ಕೆಯನ್ನು ದಿನವೂ ನೋಡಿ

ಮೊಲದ ಹೊಟ್ಟೆಯ ಸ್ಥಿತಿಯನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಮನೆಯಲ್ಲಿ ಬೇರೆ ಇಲ್ಲ. ಬೆಳಿಗ್ಗೆ ಗೂಡು ಶುಚಿಗೊಳಿಸುವಾಗ ಒಂದೆರಡು ಹಿಕ್ಕೆಗಳನ್ನು ಎತ್ತಿ ಬೆರಳಿನಲ್ಲಿ ಪುಡಿ ಮಾಡಿ ನೋಡಬೇಕು. ಹೆಚ್ಚುಕಡಿಮೆ ಒಂದೇ ಗಾತ್ರದ, ದುಂಡನೆಯ, ಒಡೆದರೆ ಹುಲ್ಲಿನ ಚೂರುಗಳು ಕಾಣುವ ಹಿಕ್ಕೆ ಆರೋಗ್ಯದ ಗುರುತು. ಕೂದಲಿನ ಎಳೆಯಿಂದ ಪೋಣಿಸಿದ ಮಣಿಸರದಂತೆ ಹಿಕ್ಕೆಗಳು ಒಂದಕ್ಕೊಂದು ಜೋತುಬಿದ್ದಿದ್ದರೆ ಹೆಚ್ಚು ಕೂದಲು ಒಳಗೆ ಹೋಗುತ್ತಿದೆ ಎಂದರ್ಥ. ಅದು ಹೊರಬರುತ್ತಿರುವುದು ಸಮಾಧಾನದ ಸಂಗತಿಯೇ, ಆದರೂ ಅಂದಿನಿಂದಲೇ ಬಾಚುವುದನ್ನೂ ಹುಲ್ಲನ್ನೂ ಸೊಪ್ಪನ್ನೂ ಹೆಚ್ಚಿಸಿ ಪೆಲೆಟ್ ತಗ್ಗಿಸಬೇಕು. ಹಿಕ್ಕೆ ಸಣ್ಣದಾಗಿ, ಕಪ್ಪಾಗಿ, ಸಂಖ್ಯೆಯಲ್ಲಿಯೂ ಇಳಿಯುತ್ತ ಬಂದರೆ ಕರುಳು ನಿಧಾನವಾಗುತ್ತಿದೆ. ದ್ರಾಕ್ಷಿ ಗೊಂಚಲಿನಂತೆ ಅಂಟಂಟಾದ ಮೆತ್ತನೆಯ ಹಿಕ್ಕೆಯನ್ನು ಮೊಲ ನೇರವಾಗಿ ಬಾಯಿ ಹಚ್ಚಿ ತಿನ್ನುವುದು ಸಹಜ, ಅದರಿಂದ ಅದಕ್ಕೆ ಪೋಷಕಾಂಶ ದೊರೆಯುತ್ತದೆ, ತಡೆಯಬಾರದು.

ಯಾವಾಗ ವೈದ್ಯರ ಬಳಿಗೆ ಓಡಬೇಕು

ಮೊಲ 10–12 ಗಂಟೆಗಳಿಂದ ಏನೂ ತಿಂದಿಲ್ಲ, ಹಿಕ್ಕೆಯನ್ನೂ ಹಾಕಿಲ್ಲ ಎಂದಾದರೆ ಮರುದಿನದವರೆಗೆ ಕಾಯುವಂತಿಲ್ಲ. ಬೆನ್ನು ಗೂನು ಮಾಡಿಕೊಂಡು ಮೂಲೆಯಲ್ಲಿ ಕೂರುವುದು, ಗಟ್ಟಿಯಾಗಿ ಹಲ್ಲು ಕಡಿಯುವುದು, ಕಿವಿ ತಣ್ಣಗಾಗುವುದು, ಹೊಟ್ಟೆ ಬಿಗಿದು ಉಬ್ಬುವುದು ನೋವಿನ ಮತ್ತು ಅಪಾಯದ ಲಕ್ಷಣಗಳು. ಹೊಟ್ಟೆ ಉಬ್ಬಿದ್ದಾಗ ಸಿರಿಂಜಿನಿಂದ ಒತ್ತಾಯವಾಗಿ ಏನನ್ನೂ ಕುಡಿಸಬಾರದು, ಹೊಟ್ಟೆಯನ್ನು ಒತ್ತಿ ತಿಕ್ಕಬಾರದು. ಮನೆಯಲ್ಲಿರುವ ಮನುಷ್ಯರ ಮಾತ್ರೆಗಳನ್ನು ಕೊಡುವಂತಿಲ್ಲ. ಅಮಾಕ್ಸಿಸಿಲಿನ್‌ನಂಥ ಸಾಮಾನ್ಯ ಔಷಧವೂ ಬಾಯಿಯ ಮೂಲಕ ಹೋದರೆ ಮೊಲದ ಕರುಳನ್ನು ಮಾರಕವಾಗಿ ಕೆಡಿಸುತ್ತದೆ.

ಜಿಲ್ಲಾ ಕೇಂದ್ರಗಳ ಪಶು ಆಸ್ಪತ್ರೆಗಳಲ್ಲಿ ಹೆಚ್ಚಾಗಿ ದನ, ಕುರಿ, ನಾಯಿಗಳೇ ಬರುವುದರಿಂದ, ಮೊಲಗಳ ಚಿಕಿತ್ಸೆಯಲ್ಲಿ ಅನುಭವವಿರುವ ವೈದ್ಯರು ಯಾರು ಎಂಬುದನ್ನು ಮೊಲ ಆರೋಗ್ಯವಾಗಿರುವಾಗಲೇ ವಿಚಾರಿಸಿ ದೂರವಾಣಿ ಸಂಖ್ಯೆ ಬರೆದಿಟ್ಟುಕೊಳ್ಳುವುದು ಜಾಣತನ. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಹೊರಡುವ ಮೊದಲು ಕರೆ ಮಾಡಿ ವಿಚಾರಿಸಿ, ಬೇಸಿಗೆಯಾದರೆ ಗಾಳಿಯಾಡುವ ಬುಟ್ಟಿಯಲ್ಲಿ, ತಂಪಿನ ಹೊತ್ತಿನಲ್ಲಿ ಒಯ್ಯಬೇಕು. ಬುಟ್ಟಿಯಲ್ಲಿ ಪರಿಚಿತ ಹುಲ್ಲಿನ ಒಂದು ಹಿಡಿ ಇರಲಿ, ಕೊನೆಯದಾಗಿ ಹಾಕಿದ ಹಿಕ್ಕೆಯನ್ನು ಕಾಗದದಲ್ಲಿ ಸುತ್ತಿ ಜೊತೆಗೆ ಕೊಂಡೊಯ್ಯಬೇಕು. ವೈದ್ಯರು ಕರುಳಿನಲ್ಲಿ ಅಡ್ಡಿ ಇದೆಯೋ ಇಲ್ಲವೋ ಪರೀಕ್ಷಿಸಿ, ದ್ರವ, ನೋವು ಶಮನ ಮತ್ತು ಅಗತ್ಯವಿದ್ದರೆ ಕರುಳಿನ ಚಲನೆಯ ಔಷಧ ನೀಡುತ್ತಾರೆ. ಮನೆಗೆ ಮರಳಿದ ಮೇಲೆ ಹುಲ್ಲು, ನೀರು, ಒದ್ದೆ ಸೊಪ್ಪು ಮಾತ್ರ ಮುಂದಿಟ್ಟು, ಹಿಕ್ಕೆ ಮೊದಲಿನ ಗಾತ್ರಕ್ಕೆ ಬರುವವರೆಗೆ ಪೆಲೆಟ್ ತಡೆಹಿಡಿಯಬೇಕು. ಅಂದು ರಾತ್ರಿಯೊಳಗೆ ಮೊಲ ತಾನಾಗಿ ಮೇಯಲು ಆರಂಭಿಸದಿದ್ದರೆ ವೈದ್ಯರಿಗೆ ಮತ್ತೆ ಕರೆ ಮಾಡಬೇಕು.