ಹಲಸಿನ ಕಾಲದ ಹೊಟ್ಟೆ ಉಬ್ಬರ ಮತ್ತು ಸೋಡಾ: ಪಶುವೈದ್ಯನಾಗಿ ನನ್ನ ಅನುಭವ

ಮಳೆ ಹಿಡಿದು ಹಲಸಿನ ಹಣ್ಣುಗಳು ಮರದಡಿ ಬಿದ್ದು ಒಡೆಯತೊಡಗಿದರೆ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ನಮಗೆ ಬರುವ ಕರೆಗಳಲ್ಲಿ ದನಗಳ ಹೊಟ್ಟೆ ಉಬ್ಬರದ್ದು ಹೆಚ್ಚುತ್ತದೆ. ಮೇಯಲು ಬಿಟ್ಟ ದನ ಹೊಟ್ಟೆ ಬಿರಿಯೆ ಹಣ್ಣು ತಿಂದು ಬಂದು, ಮರುದಿನ ಮೆಲುಕು ನಿಲ್ಲಿಸಿ, ಹಲ್ಲು ಕಡಿಯುತ್ತ, ಹುಳಿ ವಾಸನೆಯ ನೀರು ಸಗಣಿ ಹಾಕುತ್ತ ನಿಂತಿರುತ್ತದೆ. ನಾವು ತಲುಪುವಷ್ಟರಲ್ಲಿ ಮನೆಯವರು ಅಡುಗೆ ಸೋಡಾ ಕಲಸಿ ಗೊಟ್ಟದಲ್ಲಿ ಕುಡಿಸಿರುವುದೂ ಉಂಟು. ಆ ತಿಳಿವಳಿಕೆಯಲ್ಲಿ ಹುರುಳಿದೆ. ಆದರೆ ಹುಳಿಯನ್ನು ಅಳೆಯದೆ ಸೋಡಾ ಕೊಡಬಾರದೆಂಬುದು ನಾನು ಪಾಲಿಸಿಕೊಂಡು ಬಂದ ಕ್ರಮ.

ಸೋಡಾ ಎಂದರೆ ಸೋಡಿಯಂ ಬೈಕಾರ್ಬನೇಟ್. ಆಮ್ಲ ಎದುರಾದಾಗ ಬೈಕಾರ್ಬನೇಟ್ ಅದರ ಹೈಡ್ರೋಜನ್ ಅಯಾನನ್ನು ಹಿಡಿದುಕೊಂಡು, ಕೊನೆಗೆ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ದನಕ್ಕೆ ಇದು ಹೊರಗಿನ ಮದ್ದೇನಲ್ಲ. ದೊಡ್ಡ ಮಿಶ್ರತಳಿ ಹಸುವಿನ ಬಾಯಲ್ಲಿ ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ಊರುತ್ತದೆ. ಅದರೊಂದಿಗೆ ಹೊಟ್ಟೆ ಸೇರುವ ಬೈಕಾರ್ಬನೇಟನ್ನು ಸೋಡಾದ ಲೆಕ್ಕಕ್ಕೆ ತಂದರೆ ಸುಮಾರು ಒಂದು ಕಿಲೋ ಆಗುತ್ತದೆ. ರೂಮೆನ್ ಎಂಬ ದೊಡ್ಡ ಹೊಟ್ಟೆಯ ಪಿಎಚ್ (ಹುಳಿಯ ಅಳತೆ; ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು) 6ರಿಂದ 7ರ ನಡುವೆ ನಿಲ್ಲುವುದು ಇದರಿಂದಲೇ. ಹುಲ್ಲಿಗೆ ಬೇಕಾದಷ್ಟು ಮೆಲುಕು ಹಲಸಿನ ಸೊಳೆಗೆ ಬೇಡ. ಹೀಗೆ ಜೊಲ್ಲು ಕಡಿಮೆಯಾದ ಹೊತ್ತಿನಲ್ಲೇ ಬ್ಯಾಕ್ಟೀರಿಯಾಗಳು ಹಣ್ಣಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ, ಪಿಎಚ್ 5.5ಕ್ಕಿಂತ ಕೆಳಗಿಳಿಯುತ್ತದೆ, ಆಮ್ಲವು ರಕ್ತಕ್ಕೂ ಸೇರಿ ಅಲ್ಲಿನ ಬೈಕಾರ್ಬನೇಟನ್ನು ಕರಗಿಸುತ್ತದೆ, ಮೈಯ ನೀರು ರೂಮೆನ್‌ಗೆ ಸೆಳೆದುಹೋಗಿ ಕಣ್ಣು ಗುಳಿ ಬೀಳುತ್ತದೆ.

ನಾನು ಮೊದಲು ಬಾಯಿಯ ಮೂಲಕ ನಳಿಕೆ ಇಳಿಸಿ ಗಾಳಿ ಬಿಡಿಸುತ್ತೇನೆ. 84 ಗ್ರಾಂ ಸೋಡಾ ಪೂರ್ತಿ ಆಮ್ಲದೊಡನೆ ಕೂಡಿದರೆ ಸುಮಾರು 24 ಲೀಟರ್ ಅನಿಲ ಹುಟ್ಟುತ್ತದೆ. ತೇಗಲಾರದ ದನಕ್ಕೆ ಅದು ಪ್ರಾಣಸಂಕಟ. ನಳಿಕೆಯಲ್ಲಿ ಮೊದಲು ಬರುವ ರಸದಲ್ಲಿ ಜೊಲ್ಲು ಬೆರೆತು ಪಿಎಚ್ ಹೆಚ್ಚು ತೋರುವುದರಿಂದ ಅದನ್ನು ಚೆಲ್ಲಿ, ಆಮೇಲಿನದಕ್ಕೆ ಪಿಎಚ್ ಕಾಗದ ಅದ್ದುತ್ತೇನೆ. ಬೂದು ಬಣ್ಣದ, ಮೂಗಿಗೆ ಚುಚ್ಚುವ ಹುಳಿ ರಸ ಬಂದರೆ ಅನುಮಾನ ಉಳಿಯುವುದಿಲ್ಲ. ಯೂರಿಯಾ ತಿಂದ ದನದ ಹೊಟ್ಟೆಯೂ ಉಬ್ಬುತ್ತದೆ, ಆದರೆ ಅಲ್ಲಿ ಪಿಎಚ್ ಏರಿರುತ್ತದೆ. ಅದಕ್ಕೆ ಬೇಕಾದದ್ದು ವಿನೆಗರ್. ಸೋಡಾ ಕೊಟ್ಟರೆ ವಿಷ ಇನ್ನಷ್ಟು ಏರುತ್ತದೆ.

ದನ ನೆಲ ಹಿಡಿದಿದ್ದರೆ ರಕ್ತನಾಳಕ್ಕೇ ಬೈಕಾರ್ಬನೇಟ್ ಕೊಡಬೇಕಾಗುತ್ತದೆ. ಕೊಟ್ಟಿಗೆಯಲ್ಲಿ ರಕ್ತದ ಆಮ್ಲ ಅಳೆಯುವ ಯಂತ್ರವಿರುವುದಿಲ್ಲವಾದ್ದರಿಂದ ಕಣ್ಣಿನ ಗುಳಿ ಮತ್ತು ಉಸಿರಿನ ವೇಗ ನೋಡಿ ರಕ್ತದ ಬೈಕಾರ್ಬನೇಟ್ ಕೊರತೆಯನ್ನು ಅಂದಾಜು ಮಾಡುತ್ತೇನೆ. 300 ಕಿಲೋ ತೂಕದ ಹಸುವಿಗೆ ಲೀಟರಿಗೆ 10 ಮಿಲಿಮೋಲ್ (ಸೋಡಾದ ಒಂದು ಮಿಲಿಮೋಲ್ ಎಂದರೆ 84 ಮಿಲಿಗ್ರಾಂ) ಕೊರತೆ ಎಂದಿಟ್ಟುಕೊಂಡರೆ, ತೂಕವನ್ನು 0.3ರಿಂದಲೂ (ಮೈಯಲ್ಲಿ ಬೈಕಾರ್ಬನೇಟ್ ಹರಡುವ ಪಾಲು) 10ರಿಂದಲೂ ಗುಣಿಸಿದಾಗ 900 ಮಿಲಿಮೋಲ್, ಅಂದರೆ ಸುಮಾರು 75 ಗ್ರಾಂ. ಅಷ್ಟನ್ನು ಶೇ 1.3ರ ದ್ರಾವಣವಾಗಿ ಕೊಟ್ಟರೆ ಆರು ಲೀಟರಿನಷ್ಟು ನೀರೂ ಮೈಗೆ ಸೇರುತ್ತದೆ. ಸಾಮಾನ್ಯವಾಗಿ ಅರ್ಧವನ್ನು ಕೊಟ್ಟು, ಉಸಿರು ಹದಕ್ಕೆ ಬಂತೇ ಎಂದು ನೋಡಿಯೇ ಮುಂದುವರಿಯುತ್ತೇನೆ. ಇದರ ಜೊತೆ ಕ್ಯಾಲ್ಸಿಯಂ ಬಾಟಲಿಯನ್ನು ಒಂದೇ ಕೊಳವೆಯಲ್ಲಿ ಎಂದೂ ಬಿಡುವುದಿಲ್ಲ, ಏಕೆಂದರೆ ಎರಡೂ ಸೇರಿದರೆ ಕ್ಯಾಲ್ಸಿಯಂ ಕಾರ್ಬನೇಟಿನ ಬಿಳಿ ಗಷ್ಟು ಕಟ್ಟುತ್ತದೆ.

ಮೆಲುಕು ಮರಳುವವರೆಗೆ ಹಿಂಡಿ, ಬೂಸ, ಗಂಜಿ ಯಾವುದನ್ನೂ ಕೊಡದೆ ಒಣಹುಲ್ಲನ್ನಷ್ಟೇ ಮುಂದಿಡಬೇಕೆಂದು, ಹಲಸಿನ ಮರದ ಬುಡಕ್ಕೆ ಬೇಲಿ ಕಟ್ಟಬೇಕೆಂದು ಮನೆಯವರಿಗೆ ಹೇಳಿ ಬರುತ್ತೇನೆ.